ಐರ್ಲೆಂಡಿನ ಫುಟ್‌ಬಾಲ್ ಡಿಫೆಂಡರ್ ಆಗುವುದು ಹೇಗೆ: ಕಾಲು ಇಡುವ ಜಾಗದಿಂದ ಕೊನೆಯ ತೆರಿಗೆ ಅರ್ಜಿಯವರೆಗೆ

ಪಾಲ್ ಮೆಕ್‌ಗ್ರಾ ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್ ಬಿಟ್ಟು ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ್ದು 1982ರಲ್ಲಿ, 22ನೇ ವಯಸ್ಸಿಗೆ. ಶೇಮಸ್ ಕೋಲ್ಮನ್ ಸ್ಲೈಗೊ ರೋವರ್ಸ್‌ನಿಂದ ಎವರ್ಟನ್‌ಗೆ ಹೋಗಿದ್ದು 2009ರ ಜನವರಿಯಲ್ಲಿ, 20ಕ್ಕೆ. ಎವರ್ಟನ್ ಕೊಟ್ಟದ್ದು ಬರೀ 60,000 ಪೌಂಡ್. ಇಬ್ಬರೂ ಹದಿನಾರಕ್ಕೇ ಪೆಟ್ಟಿಗೆ ಕಟ್ಟಿಕೊಂಡು ಇಂಗ್ಲೆಂಡಿಗೆ ಹೊರಟವರಲ್ಲ. ಹಾಗೆ ಹೊರಟ ಹುಡುಗರಲ್ಲಿ ಬಹಳ ಮಂದಿ ಮೂರ್ನಾಲ್ಕು ವರ್ಷದೊಳಗೆ ಸದ್ದಿಲ್ಲದೆ ಊರಿಗೆ ಮರಳಿದ್ದಾರೆ. ಮೈದಾನದ ಅಂಚಿನಿಂದ ನುಗ್ಗುವ ವಿಂಗರ್ ಹದಿನೆಂಟಕ್ಕೇ ಮಿಂಚಬಹುದು. ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್ ಮಾತ್ರ ತಡವಾಗಿ ಹಣ್ಣಾಗುವ ಮರ. ಅವನ ಕೆಲಸ ಮುಕ್ಕಾಲು ಪಾಲು ಊಹೆಯದು. ಗಟ್ಟಿ ಮೈಯ ದೊಡ್ಡವರ ಎದುರು ಪಂದ್ಯದ ಮೇಲೆ ಪಂದ್ಯ ಆಡದೆ ಆ ಊಹೆ ಬರುವುದಿಲ್ಲ. ಈ ಮಾರ್ಗದರ್ಶಿಯನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇವೆ: ಮೊದಲು ಆಟ, ಆಮೇಲೆ ದಾರಿ, ಕೊನೆಗೆ ಕಾಗದಪತ್ರ.

ಒಬ್ಬರಿಗೊಬ್ಬರು ಎದುರಾದಾಗ

ಚೆಂಡು ವಿಂಗರ್ ಕಾಲಿಗೆ ಹೋಗುತ್ತಿರುವಾಗಲೇ ಓಡಿ. ಚೆಂಡು ದಾರಿಯಲ್ಲಿರುವಷ್ಟು ಹೊತ್ತು ಮಾತ್ರ ನಿಮಗೆ ಪುಕ್ಕಟೆ ಸಮಯ. ಅವನು ಚೆಂಡು ಹಿಡಿತಕ್ಕೆ ತೆಗೆದುಕೊಳ್ಳುವ ಹೊತ್ತಿಗೆ ಮೂರು ಮೀಟರ್ ದೂರದಲ್ಲಿರಬೇಕು, ಅಲ್ಲಿಂದ ಹೆಜ್ಜೆ ಸಣ್ಣದಾಗಬೇಕು. ಕೊನೆಗೆ ನಿಲ್ಲುವುದು ಒಂದೂವರೆ ಮೀಟರ್ ದೂರದಲ್ಲಿ, ಅಂದರೆ ತೋಳು ಚಾಚಿದರೆ ಇನ್ನೇನು ಮುಟ್ಟಬೇಕು ಅನ್ನುವಷ್ಟು ಅಂತರದಲ್ಲಿ. ಎದೆಯನ್ನು ನೇರ ಅವನಿಗೆ ಒಡ್ಡಬೇಡಿ. ಮೈ ಓರೆಯಾಗಿರಲಿ, ಒಂದು ಕಾಲು ಮುಂದೆ, ಮಂಡಿ ಸ್ವಲ್ಪ ಬಾಗಿ, ಭಾರವೆಲ್ಲ ಮುಂಗಾಲಿನ ಮೇಲೆ. ಒಳಗಿನ ಕಾಲು ಮುಂದಿದ್ದರೆ ಅವನಿಗೆ ಹೊರಗಿನ ದಾರಿ, ಅಂದರೆ ಮೈದಾನದ ಪಕ್ಕದ ಗೆರೆಯಾದ ಟಚ್‌ಲೈನ್ ಕಡೆ ತೆರೆಯುತ್ತದೆ. ಆ ಗೆರೆಯೂ ನಿಮ್ಮ ಕಡೆಯ ಆಟಗಾರನೇ ಎಂದುಕೊಳ್ಳಿ.

ಕಣ್ಣು ಚೆಂಡಿನ ಮೇಲಿರಲಿ. ಭುಜ, ಸೊಂಟ ಎಲ್ಲವೂ ಸುಳ್ಳು ಹೇಳುತ್ತವೆ. ಕಾಲು ಹಾಕುವುದು ಯಾವಾಗ? ಚೆಂಡು ಅವನ ಪಾದದಿಂದ ಬಿಟ್ಟುಕೊಂಡು ಮುಂದಕ್ಕೆ ಹೋದ ಗಳಿಗೆಯಲ್ಲಿ. ಪಾದದ ಕೆಳಗೇ ಇರುವಾಗ ಚಾಚಿದರೆ ಸಿಗುವುದು ಕಣಕಾಲು, ಚೆಂಡಲ್ಲ. ಕಬಡ್ಡಿಯಲ್ಲಿ ಮೂಲೆಯಲ್ಲಿ ನಿಂತವನು ರೈಡರ್ ಇನ್ನೂ ಗೆರೆ ದಾಟುವ ಮೊದಲೇ ಕಾಲಿಗೆ ಬಿದ್ದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುವುದು. ಕಾದವನಿಗೆ ಕಾಲು ಸಿಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು. ಒಂದು, ಹಿಂದೆ ಸರಿಯುವಾಗ ಕಾಲಿಗೆ ಕಾಲು ಕತ್ತರಿಯಾಗುವುದು. ಆ ಕ್ಷಣಕ್ಕೇ ವಿಂಗರ್ ಕಾಯುತ್ತಿರುತ್ತಾನೆ. ಇನ್ನೊಂದು, ಓಡಿ ಬಂದ ವೇಗವನ್ನು ಕಡಿಮೆ ಮಾಡದಿರುವುದು. ಒಂದೇ ಒಂದು ಸಣ್ಣ ತಟ್ಟಿಗೆ ಅವನು ನಿಮ್ಮನ್ನು ದಾಟಿ ಹೋಗುತ್ತಾನೆ. ಎರಡಕ್ಕೂ ಮದ್ದು ಒಂದೇ. ಹತ್ತು ಮೀಟರ್ ಚೌಕದಲ್ಲಿ, ಟ್ಯಾಕಲ್ ಮಾಡುವಂತಿಲ್ಲ, ಅಂದರೆ ಕಾಲು ಹಾಕಿ ಚೆಂಡು ಕಸಿಯುವಂತಿಲ್ಲ ಎಂಬ ನಿಯಮ ಇಟ್ಟುಕೊಂಡು, ಎದುರಾಳಿಯನ್ನು ಎಂಟು ಸೆಕೆಂಡ್ ತಡೆದು ನಿಲ್ಲಿಸುವ ಅಭ್ಯಾಸ. ದಿನಕ್ಕೆ ಹತ್ತು ಬಾರಿ ಸಾಕು, ಆದರೆ ಪ್ರತಿ ಬಾರಿಯ ನಡುವೆ ಒಂದು ನಿಮಿಷ ಬಿಡುವು ಬೇಕು. ದಣಿದ ಕಾಲು ತಪ್ಪನ್ನೇ ಕಲಿಯುತ್ತದೆ.

ಲೈನ್ ಯಾವಾಗ ಮೇಲೆ, ಯಾವಾಗ ಕೆಳಗೆ

ಲೈನ್ ಎಂದರೆ ನಾಲ್ವರು ಡಿಫೆಂಡರ್‌ಗಳು ಕೂಡಿ ನಿಲ್ಲುವ ಸಾಲು. ಅದನ್ನು ಎದುರಾಳಿಯ ಗೋಲಿನ ಕಡೆ ಒಯ್ಯಬೇಕೋ ನಮ್ಮ ಗೋಲಿನ ಕಡೆ ಸರಿಸಬೇಕೋ ಎಂಬುದಕ್ಕೆ ನೋಡಬೇಕಾದದ್ದು ಒಂದೇ ಸಂಗತಿ: ಚೆಂಡು ಇಟ್ಟುಕೊಂಡವನ ಮೇಲೆ ಒತ್ತಡ ಇದೆಯೇ? ತಲೆ ಎತ್ತಿ, ಆರಾಮಾಗಿ ಕಾಲು ಬೀಸುವಷ್ಟು ಜಾಗ ಅವನಿಗಿದ್ದರೆ ಅವನು ಒದೆಯುವ ಮುಂಚೆಯೇ ಐದಾರು ಮೀಟರ್ ಹಿಂದೆ ಸರಿಯಿರಿ. ಅವನು ಬೆನ್ನು ತಿರುಗಿಸಿದ್ದರೆ, ಹಿಂದಕ್ಕೆ ಪಾಸ್ ಕೊಟ್ಟರೆ, ಅಥವಾ ನಿಮ್ಮವರು ಮೈಮೇಲೆ ಬಿದ್ದಿದ್ದರೆ ಮೇಲೆ ಹೋಗಿ. ಚೆಂಡು ಮಧ್ಯದಲ್ಲಿದ್ದಾಗ ಸಾಲಿನ ನಡುವಿನ ಇಬ್ಬರು ಡಿಫೆಂಡರ್‌ಗಳಾದ ಸೆಂಟರ್ ಬ್ಯಾಕ್‌ಗಳ ನಡುವೆ ಹತ್ತರಿಂದ ಹನ್ನೆರಡು ಮೀಟರ್ ಅಂತರವಿರಲಿ. ಚೆಂಡು ಪಕ್ಕಕ್ಕೆ ಹೋದಾಗ ಆ ಕಡೆಯ ಅಂಚಿನ ಡಿಫೆಂಡರ್ ಆದ ಫುಲ್ ಬ್ಯಾಕ್ ಮುಂದೆ, ಅವನ ಹಿಂದೆ ಓರೆಯಲ್ಲಿ ಹತ್ತಿರದ ಸೆಂಟರ್ ಬ್ಯಾಕ್, ಉಳಿದಿಬ್ಬರು ಒಳಕ್ಕೆ.

ನಾಲ್ವರಲ್ಲಿ ಮೂವರು ಮೇಲೆ ಹೋಗಿ ಒಬ್ಬ ಮರೆತು ನಿಂತರೆ, ಸಾಲಿನ ಹಿಂದೆ ನಿಂತ ಎದುರಾಳಿಯನ್ನು ತಪ್ಪಿತಸ್ಥನಾಗಿಸುವ ಆಫ್‌ಸೈಡ್ ಇಲ್ಲ, ಗೋಲು ಇದೆ. ಆದ್ದರಿಂದ ಕೂಗುವವನು ಒಬ್ಬನೇ ಇರಬೇಕು. ಗಂಟಲು ಕೂಡ ಡಿಫೆಂಡರ್‌ನ ಸಾಮಾನೇ. ಮಾತು ಒಂದೇ ಪದದಲ್ಲಿ ಮುಗಿಯಲಿ, ಆಜ್ಞೆಯಂತಿರಲಿ.

ಕೊನೆಯವನಾಗಿ ಫೌಲ್ ಮಾಡಿದರೆ ಕೆಂಪು ಕಾರ್ಡ್ ಖಚಿತ ಎಂಬ ನಂಬಿಕೆ ಇದೆ. ನಿಯಮದಲ್ಲಿ ಕೊನೆಯವನು ಎಂಬ ಮಾತೇ ಇಲ್ಲ. ಗೋಲಿಗೆ ಎಷ್ಟು ದೂರ, ಆಟ ಯಾವ ದಿಕ್ಕಿಗೆ ಹೋಗುತ್ತಿದೆ, ಚೆಂಡು ಅವನ ಹಿಡಿತಕ್ಕೆ ಸಿಗುತ್ತಿತ್ತೇ, ಬೇರೆ ಡಿಫೆಂಡರ್‌ಗಳು ಎಲ್ಲಿದ್ದರು ಎಂಬ ನಾಲ್ಕನ್ನು ರೆಫರಿ ತೂಗುತ್ತಾನೆ. 2016ರಿಂದ ಒಂದು ರಿಯಾಯಿತಿಯೂ ಬಂದಿದೆ: ಪೆನಾಲ್ಟಿ ಬಾಕ್ಸ್ ಒಳಗೆ ನಿಜಕ್ಕೂ ಚೆಂಡಿಗಾಗಿಯೇ ಕಾಲು ಹಾಕಿ ತಪ್ಪಿದರೆ ಪೆನಾಲ್ಟಿಯ ಜೊತೆ ಹಳದಿ ಮಾತ್ರ. ಅಂಗಿ ಎಳೆದರೆ, ತಳ್ಳಿದರೆ ಕೆಂಪೇ. ಎಫ್‌ಎ ಕಪ್ ಫೈನಲ್ ಇತಿಹಾಸದಲ್ಲಿ ಮೊದಲು ಹೊರಬಿದ್ದವನು ಐರಿಷ್ ಡಿಫೆಂಡರ್ ಕೆವಿನ್ ಮೊರಾನ್, 1985ರಲ್ಲಿ. ಹತ್ತು ಮಂದಿಯಲ್ಲೇ ಯುನೈಟೆಡ್ ಗೆದ್ದದ್ದು ಅವನ ಪುಣ್ಯ.

ಎತ್ತರದ ಚೆಂಡು ಮತ್ತು ಗಾಳಿ

ಐರ್ಲೆಂಡಿನ ಪಶ್ಚಿಮ ಮತ್ತು ವಾಯವ್ಯದಲ್ಲಿ, ಸ್ಲೈಗೊದ ಶೋಗ್ರೌಂಡ್ಸ್ ಆಗಲಿ ಬ್ಯಾಲಿಬೊಫೆಯ ಫಿನ್ ಪಾರ್ಕ್ ಆಗಲಿ, ಅಟ್ಲಾಂಟಿಕ್ ಗಾಳಿ ಹನ್ನೆರಡನೆಯ ಆಟಗಾರ. ಟಾಸ್‌ಗೆ ಮುಂಚೆಯೇ ಎರಡೂ ಗೋಲಿನ ಬಳಿ ನಿಂತು ಗಾಳಿ ನೋಡಿಕೊಳ್ಳಿ. ಎದುರಾಳಿ ಗೋಲ್‌ಕೀಪರ್‌ಗೆ ಬೆನ್ನಗಾಳಿ ಇದ್ದರೆ ಅವನ ಒದೆತ ನಿಮ್ಮ ಅಂದಾಜಿಗಿಂತ ಹತ್ತು ಹೆಜ್ಜೆ ದೂರ ಬೀಳುತ್ತದೆ. ಎದುರುಗಾಳಿ ಇದ್ದರೆ ಚೆಂಡು ಮೇಲೆಯೇ ನಿಂತು ಕೊನೆಯಲ್ಲಿ ನೇರ ಕೆಳಗಿಳಿಯುತ್ತದೆ. ಎರಡರಲ್ಲೂ ಉಪಾಯ ಒಂದೇ: ಬೀಳುವ ಜಾಗಕ್ಕಿಂತ ಎರಡು ಹೆಜ್ಜೆ ಹಿಂದೆ ನಿಂತಿರಿ. ಮುಂದೆ ಬರುವುದು ಸುಲಭ. ತಲೆಯ ಮೇಲಿಂದ ಹೋದ ಚೆಂಡಿಗೆ ಹಿಮ್ಮುಖವಾಗಿ ಓಡುವುದರಲ್ಲಿ ಇಡೀ ವೃತ್ತಿಯ ಮರ್ಯಾದೆ ಹೋಗುತ್ತದೆ. ಒಂದು ಪುಟಿತಕ್ಕೆ ಬಿಟ್ಟರಂತೂ ಕೇಳುವುದೇ ಬೇಡ.

ಹೆಡರ್ ಹೊಡೆಯುವಾಗ ಒಂದು ಕಾಲಿನಿಂದ ಚಿಮ್ಮಿ, ಎದುರಾಳಿಗಿಂತ ಅರೆಕ್ಷಣ ಮುಂಚೆ. ಮೊದಲು ಏರಿದವನನ್ನು ಎರಡನೆಯವನು ತಳ್ಳಿದರೆ ಫೌಲ್ ನಿಮ್ಮ ಪಾಲಿಗೆ. ಹಣೆಯ ಮಧ್ಯ, ಕೂದಲಂಚಿನ ಕೆಳಗೆ. ಕಣ್ಣು ತೆರೆದು, ಬಾಯಿ ಮುಚ್ಚಿ. ನಾಲಗೆ ಕಚ್ಚಿಕೊಂಡವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಚೆಂಡಿನ ಕೆಳಭಾಗಕ್ಕೆ ಹೊಡೆದರೆ ಎತ್ತರವೂ ದೂರವೂ ಸಿಗುತ್ತದೆ. ಕೈಗಳು ಸಮತೋಲಕ್ಕೆ ಹೊರಗೆ ಬರಲಿ, ಮೊಣಕೈ ಮಾತ್ರ ಭುಜಕ್ಕಿಂತ ಮೇಲೆ ಏರಕೂಡದು. ಅದು ಮುಖಕ್ಕೆ ತಗುಲಿದರೆ ಉದ್ದೇಶ ಏನಿತ್ತೆಂದು ಯಾರೂ ಕೇಳುವುದಿಲ್ಲ.

ಪಕ್ಕದಿಂದ ಗೋಲಿನ ಮುಂದಕ್ಕೆ ಒದೆದ ಚೆಂಡು, ಅಂದರೆ ಕ್ರಾಸ್ ಬರುವಾಗ ಮೈಯನ್ನು ಚೆಂಡೂ ಕಾಣಬೇಕು, ನಿಮ್ಮವನೂ ಕಾಣಬೇಕು ಅನ್ನುವಂತೆ ತೆರೆದಿಡಿ. ಐರಿಷ್ ಡಿಫೆಂಡರ್ ರಿಚರ್ಡ್ ಡನ್ ಪ್ರೀಮಿಯರ್ ಲೀಗ್‌ನಲ್ಲಿ ಹತ್ತು ಸ್ವಂತ ಗೋಲು ಹೊಡೆದ ದಾಖಲೆಗೆ ಜನ ನಗುತ್ತಾರೆ. ನಗುವವರು ಮರೆಯುವ ವಿಷಯವೆಂದರೆ, ಪ್ರತಿ ಬಾರಿ ಅಪಾಯದ ಜಾಗಕ್ಕೆ ಓಡಿ ಬಂದವನಿಗೆ ಮಾತ್ರ ಹಾಗೆ ತಗುಲುವುದು. ಸ್ವಂತ ಗೋಲಿನ ಕಾರಣ ಬಹುಮಟ್ಟಿಗೆ ಪಾದದ ದಿಕ್ಕು: ನಿಮ್ಮದೇ ಗೋಲಿನ ಕಡೆ ಮುಖ ಮಾಡಿ ಓಡುತ್ತಿರುವಾಗ ಕೆಳಗಿನ ಕ್ರಾಸ್ ಬಂದರೆ ಚಾಚಿದ ಕಾಲು ಚೆಂಡನ್ನು ಒಳಗೇ ತಿರುಗಿಸುತ್ತದೆ. ಕೊನೆಯ ಎರಡು ಹೆಜ್ಜೆಯಲ್ಲಿ ಸೊಂಟವನ್ನು ಕಾರ್ನರ್ ಬಾವುಟದ ಕಡೆ ತಿರುಗಿಸಿ, ಹತ್ತಿರದ ಕಾಲಿನಿಂದ ಹೊರಕ್ಕೆ ಹೊಡೆಯಿರಿ. ಕಾರ್ನರ್ ಕೊಟ್ಟರೆ ಯಾರೂ ಬೈಯುವುದಿಲ್ಲ.

ತಲೆಯ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ 2021ರಲ್ಲಿ ಕೊಟ್ಟ ಸಲಹೆ ಎಲ್ಲ ಕಡೆಗೂ ಹೊಂದುತ್ತದೆ: ಉದ್ದ ಪಾಸ್, ಕ್ರಾಸ್, ಕಾರ್ನರ್‌ಗಳಿಂದ ಬರುವ ಜೋರಿನ ಹೆಡರ್ ಅಭ್ಯಾಸದಲ್ಲಿ ವಾರಕ್ಕೆ ಹತ್ತನ್ನು ಮೀರಬಾರದು. ಚಿಮ್ಮುವ ಸಮಯ, ಓಟದ ಕೋನ ಇವನ್ನೆಲ್ಲ ಕೈಯಿಂದ ಎಸೆದ ಚೆಂಡಿನಲ್ಲೇ ತಿದ್ದಿಕೊಳ್ಳಬಹುದು.

ಬೂಟು

ಇದನ್ನು ಅಂಗಡಿಯವನ ಮಾತಿಗೆ ಬಿಡಬೇಡಿ. ಎರಡು ಜೊತೆ ಬೇಕೇ ಬೇಕು, ಕೈ ಬಿಚ್ಚಿದರೆ ಮೂರು. ಮಳೆಗಾಲದ ಮೆತ್ತನೆ ಹುಲ್ಲಿಗೆ ಆರು ಲೋಹದ ಸ್ಟಡ್‌ನದು (ಸ್ಟಡ್ ಎಂದರೆ ಬೂಟಿನ ಅಡಿಯ ಗುಬುಟು). ಒಣ ಹುಲ್ಲಿಗೆ ಅಚ್ಚಿನ ಸ್ಟಡ್‌ನದು. ಡಂಡಾಕ್‌ನ ಓರಿಯೆಲ್ ಪಾರ್ಕ್‌ನಂಥ ಕೃತಕ ಹುಲ್ಲಿಗೆ ಗಿಡ್ಡ, ಹೆಚ್ಚು ಸಂಖ್ಯೆಯ ಸ್ಟಡ್‌ನದು. ಹುಲ್ಲಿನ ಬೂಟನ್ನೇ ಕೃತಕ ಮೈದಾನಕ್ಕೆ ಹಾಕಿದರೆ ಸ್ಟಡ್ ಕಚ್ಚಿ ಹಿಡಿದು, ಮೈ ತಿರುಗಿದರೂ ಪಾದ ತಿರುಗುವುದಿಲ್ಲ. ಆ ತಿರುಚನ್ನು ನುಂಗಬೇಕಾದದ್ದು ಮಂಡಿ. ಕಿಟ್ ನೋಡಿಕೊಳ್ಳುವವರಿಗೆ ಇನ್ನೊಂದು ಮಾತು: ಸಂಖ್ಯೆ ಇಲ್ಲದ ಒಂದು ಅಂಗಿ, ಒಂದು ಮಾರ್ಕರ್ ಪೆನ್ನು ಚೀಲದಲ್ಲಿರಲಿ. ರಕ್ತದ ಕಲೆಯ ಅಂಗಿಯಲ್ಲಿ ಆಡುವಂತಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ಮುಖಕ್ಕೆ ಗಾಯ ಮಾಡಿಕೊಂಡ ಡನ್, ಬೆನ್ನಿಗೆ ಕೈಯಲ್ಲೇ ಸಂಖ್ಯೆ ಬರೆಸಿಕೊಂಡು ಮರಳಿ ಇಳಿದು ರಷ್ಯಾವನ್ನು 0-0ಗೆ ತಡೆದದ್ದು ಹೀಗೆಯೇ.

ಹದಿನೆಂಟರವರೆಗಿನ ದಾರಿ

ಹನ್ನೆರಡು–ಹದಿನಾಲ್ಕರಲ್ಲಿ ಹುಡುಗ ಊರಿನ ಕ್ಲಬ್‌ನಲ್ಲಿ, ಜಿಲ್ಲಾ ಲೀಗ್‌ನಲ್ಲಿ ಆಡುತ್ತಾನೆ. ಲೀಗ್‌ಗಳ ನಡುವಿನ ಕೆನಡಿ ಕಪ್ ನಡೆಯುವುದು ಲಿಮರಿಕ್ ವಿಶ್ವವಿದ್ಯಾಲಯದ ಮೈದಾನಗಳಲ್ಲಿ. ಆಯ್ಕೆಗಾರರ ಕಣ್ಣಿಗೆ ಬೀಳುವ ಮೊದಲ ಜಾಗ ಅದು. ಅದೇ ವಯಸ್ಸಿನಲ್ಲಿ, ಕೈಯನ್ನೂ ಬಳಸುವ ಐರಿಷ್ ಆಟವಾದ ಗೇಲಿಕ್ ಫುಟ್‌ಬಾಲ್ ಆಡುವುದನ್ನು ಬಿಡಿಸಬೇಕಾಗಿಲ್ಲ. ಕೆವಿನ್ ಮೊರಾನ್ 1976, 1977ರಲ್ಲಿ ಡಬ್ಲಿನ್ ಪರ ಗೇಲಿಕ್‌ನ ಆಲ್-ಐರ್ಲೆಂಡ್ ಪ್ರಶಸ್ತಿ ಗೆದ್ದು 1978ರಲ್ಲಿ ಯುನೈಟೆಡ್‌ಗೆ ಹೋದವನು. ಕೋಲ್ಮನ್ ಕೂಡ ಕಿಲ್ಲಿಬೆಗ್ಸ್‌ನಲ್ಲಿ ಗೇಲಿಕ್ ಆಡಿಯೇ ಬೆಳೆದವನು. ಎತ್ತರದ ಚೆಂಡಿಗೆ ಹಾರುವ ಧೈರ್ಯ, ಭುಜಕ್ಕೆ ಭುಜ ಕೊಡುವ ಗಟ್ಟಿತನ ಅಲ್ಲಿಂದಲೇ ಬರುತ್ತದೆ. ಆದರೆ ಎರಡು ಕೋಚ್‌ಗಳಿಗೂ ಒಬ್ಬರ ಅಭ್ಯಾಸದ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಲೆಕ್ಕ ಇಡಬೇಕಾದವರು ಅಪ್ಪ ಅಮ್ಮ: ಶಾಲೆ, ಕ್ಲಬ್, ಗೇಲಿಕ್ ಎಲ್ಲ ಸೇರಿಸಿ ವಾರದ ಗಂಟೆಗಳು ಹುಡುಗನ ವಯಸ್ಸಿನ ಅಂಕಿಯನ್ನು ದಾಟದಿರಲಿ. ಎತ್ತರ ಒಮ್ಮೆಗೇ ಏರುವ ವರ್ಷದಲ್ಲಿ ಮಂಡಿಚಿಪ್ಪಿನ ಕೆಳಗಿನ ಎಲುಬಿನ ಉಬ್ಬು ನೋಯುತ್ತಿದ್ದರೆ ಅದನ್ನು ಸೋಮಾರಿತನ ಅನ್ನಬೇಡಿ. ಭಾರ ಕಡಿಮೆ ಮಾಡಿದರೆ ತಾನಾಗಿ ಇಳಿಯುತ್ತದೆ. ಮಾಡದಿದ್ದರೆ ಋತುವೇ ಹೋಗುತ್ತದೆ.

2021ರ ಜನವರಿ 1ರಿಂದ ಲೆಕ್ಕ ಬದಲಾಗಿದೆ. 16ರಿಂದ 18ರೊಳಗಿನವರ ವರ್ಗಾವಣೆಗೆ ಫಿಫಾ ಕೊಡುವ ಸಡಿಲಿಕೆ ಯುರೋಪಿಯನ್ ಒಕ್ಕೂಟ ಮತ್ತು ಆರ್ಥಿಕ ವಲಯದೊಳಗೆ ಮಾತ್ರ. ಬ್ರಿಟನ್ ಹೊರಬಿದ್ದ ಮೇಲೆ ಇಂಗ್ಲಿಷ್ ಕ್ಲಬ್ ಐರಿಷ್ ಹುಡುಗನನ್ನು 18 ತುಂಬುವ ಮುಂಚೆ ಸೇರಿಸಿಕೊಳ್ಳುವಂತಿಲ್ಲ. ತಂದೆ ತಾಯಿ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿಗೆ ವಾಸ ಬದಲಿಸಿದ್ದರೆ ಮಾತು ಬೇರೆ. ಐರಿಷ್ ಡಿಫೆಂಡರ್ ನೇತನ್ ಕಾಲಿನ್ಸ್ ಹದಿಹರೆಯದಲ್ಲೇ ಸ್ಟೋಕ್‌ಗೆ ಹೋದ ದಾರಿ ಈಗ ಮುಚ್ಚಿದೆ. ಡಿಫೆಂಡರ್‌ಗಳ ಮಟ್ಟಿಗೆ ಇದು ಒಳ್ಳೆಯದೇ ಆಯಿತು ಎಂಬುದು ನಮ್ಮ ಅಭಿಪ್ರಾಯ. ಹದಿನೇಳರ ಹುಡುಗ ಈಗ ಇಂಗ್ಲಿಷ್ ಅಕಾಡೆಮಿಯಲ್ಲಿ ತನ್ನ ವಯಸ್ಸಿನವರ ಜೊತೆ ಅಂದವಾದ ಪಂದ್ಯ ಆಡುವ ಬದಲು ಶುಕ್ರವಾರ ರಾತ್ರಿ ಲೀಗ್ ಆಫ್ ಐರ್ಲೆಂಡ್‌ನಲ್ಲಿ ಮೂವತ್ತೆರಡರ ಸ್ಟ್ರೈಕರ್‌ನ ಮೊಣಕೈ ತಿನ್ನುತ್ತಾನೆ. ಕಾಯಲಾರದವರಿಗೆ ಯುರೋಪ್ ಇದೆ: ಸೇಂಟ್ ಪ್ಯಾಟ್ರಿಕ್ಸ್‌ನ ಸೆಂಟರ್ ಬ್ಯಾಕ್ ಜೇಮ್ಸ್ ಅಬಾಂಕ್ವಾ 2022ರಲ್ಲಿ ಇಟಲಿಯ ಯೂಡಿನೇಸೆ ಸೇರಿದ್ದು ಹಾಗೆ. ಹೋಗುವುದಾದರೆ ಹೋಗುವ ಆರು ತಿಂಗಳ ಮೊದಲೇ ಆ ಭಾಷೆ ಶುರು ಮಾಡಿ. ಲೈನ್ ಕೂಗುವವನಿಗೆ ಭಾಷೆ ಬಾರದಿದ್ದರೆ ಬೆಂಚೇ ಗತಿ.

ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಇಲ್ಲೊಂದು ವಿಶೇಷ ಸೂಚನೆ. 18ರ ನಂತರ ಐರಿಷ್ ಪ್ರಜೆಗೆ ಬ್ರಿಟನ್‌ನಲ್ಲಿ ಆಡಲು, ವಿದೇಶಿ ಆಟಗಾರರ ಕೆಲಸದ ಪರವಾನಗಿಗೆ ಲೆಕ್ಕ ಹಾಕುವ ಅಂಕಗಳು ಬೇಕಿಲ್ಲ, ಎರಡು ದೇಶಗಳ ನಡುವಿನ ಸಂಚಾರ ಒಪ್ಪಂದ ಅವನನ್ನು ಕಾಯುತ್ತದೆ. ಅದೇ ತಂಡದ, ಅಷ್ಟೇ ಚೆನ್ನಾಗಿ ಆಡುವ, ಆದರೆ ಭಾರತದ ಪಾಸ್‌ಪೋರ್ಟ್ ಇರುವ ಹುಡುಗನಿಗೆ ಆ ಅಂಕಗಳು ಬೇಕು. ಭಾರತ ಎರಡು ಪೌರತ್ವಕ್ಕೆ ಒಪ್ಪುವುದಿಲ್ಲವಾದ್ದರಿಂದ ಇದನ್ನು ಟ್ರಯಲ್‌ಗೆ ಕರೆ ಬಂದ ಮೇಲಲ್ಲ, ಹದಿನಾಲ್ಕು ಹದಿನೈದರಲ್ಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು.

ಶಾಲೆ ಮುಗಿಸುವ ಲೀವಿಂಗ್ ಸರ್ಟ್ ಪರೀಕ್ಷೆ ಜೂನ್‌ನಲ್ಲಿ ಬರುತ್ತದೆ, ಲೀಗ್ ನಡೆಯುವುದು ಫೆಬ್ರವರಿಯಿಂದ ನವೆಂಬರ್‌ವರೆಗೆ. ಋತುವಿನ ನಟ್ಟನಡುವೆ ಪರೀಕ್ಷೆ. ಕ್ಲಬ್ ಜೊತೆ ಮೇ ತಿಂಗಳ ಅಭ್ಯಾಸದ ಬಗ್ಗೆ ಜನವರಿಯಲ್ಲೇ ಮಾತು ಮುಗಿಸಿ.

ಹದಿನೆಂಟರ ನಂತರ: ಹೆಸರಲ್ಲ, ಪಂದ್ಯ

ಕ್ಲಬ್ ಆರಿಸುವಾಗ ಕೇಳಬೇಕಾದ ಪ್ರಶ್ನೆ, ನನ್ನ ಜಾಗದಲ್ಲಿ ಈಗ ಯಾರು ಆಡುತ್ತಿದ್ದಾರೆ, ಅವರ ವಯಸ್ಸೆಷ್ಟು, ಅವರ ಕರಾರು ಯಾವಾಗ ಮುಗಿಯುತ್ತದೆ ಎಂಬುದು. ಜೇಕ್ ಓಬ್ರಿಯನ್ ಕಾರ್ಕ್ ಸಿಟಿಯಿಂದ ಕ್ರಿಸ್ಟಲ್ ಪ್ಯಾಲೆಸ್‌ಗೆ ಹೋದರೂ ಅವನನ್ನು ಮೇಲೆತ್ತಿದ್ದು ಬೆಲ್ಜಿಯಂನ ಮೊಲೆನ್‌ಬೀಕ್‌ನಲ್ಲಿ ಆಡಿದ ಋತು. ಅಲ್ಲಿಂದ ಲಿಯಾನ್, 2024ರಲ್ಲಿ ಎವರ್ಟನ್. ಕೋಲ್ಮನ್ ಕೂಡ 2010ರಲ್ಲಿ ಬ್ಲ್ಯಾಕ್‌ಪೂಲ್‌ಗೆ ಲೋನ್ ಮೇಲೆ, ಅಂದರೆ ಎರವಲಾಗಿ ಹೋಗಿ ಪ್ಲೇ-ಆಫ್ ಗೆದ್ದು ಬಂದ ಮೇಲೆಯೇ ಎವರ್ಟನ್‌ನ ಮೊದಲ ತಂಡಕ್ಕೆ ನಿಂತದ್ದು. ಲೂಯಿಸ್ ಕ್ವಿನ್ ಪೀಮೌಂಟ್‌ನಿಂದ 2013ರಲ್ಲಿ ಸ್ವೀಡನ್‌ನ ಎಸ್ಕಿಲ್ಸ್‌ಟೂನಾಗೆ ಹೋಗಿ ಹದಗೊಂಡು ಆಮೇಲೆ ಆರ್ಸೆನಲ್ ತಲುಪಿದವರು.

ಲೋನ್ ಕರಾರಿನಲ್ಲಿ ಮೂರು ಸಾಲು ಓದಿ: ಮೂಲ ಕ್ಲಬ್ ಯಾವ ದಿನಾಂಕದಿಂದ ವಾಪಸ್ ಕರೆಯಬಹುದು, ಗಾಯವಾದರೆ ಚಿಕಿತ್ಸೆ ಎಲ್ಲಿ, ಸಂಬಳ ಯಾರ ಖಾತೆಯಿಂದ. ಎಡಗಾಲಿನ ಸೆಂಟರ್ ಬ್ಯಾಕ್ ಎಲ್ಲೆಡೆ ಅಪರೂಪ, ಅದು ಬೆಲೆ ಏರಿಸುತ್ತದೆ. ಎಡಗಾಲು ಹುಟ್ಟಿನಿಂದ ಬರದಿದ್ದರೆ ಬೆಳೆಸಿಕೊಳ್ಳಿ: ಬಲಗಾಲಿನವನಾದ ಡೆನಿಸ್ ಇರ್ವಿನ್ ಯುನೈಟೆಡ್‌ನ ಎಡ ಬ್ಯಾಕ್ ಆಗಿ ಏಳು ಪ್ರೀಮಿಯರ್ ಲೀಗ್ ಗೆದ್ದ. ದಿನಕ್ಕೆ ಗೋಡೆಗೆ ನೂರು ಪಾಸ್, ಎಡಗಾಲಿನಿಂದಲೇ, ಅದರಲ್ಲಿ ಐವತ್ತು ಪಕ್ಕಕ್ಕೆ ತಿರುಗಿ ನಿಂತು ದೂರದ ಕಾಲಿನಿಂದ ತೆಗೆದುಕೊಂಡು. 2019ರಿಂದ ತಮ್ಮ ಗೋಲ್‌ಕೀಪರ್ ಒದೆಯುವ ಗೋಲ್ ಕಿಕ್ ಅನ್ನು ಪೆನಾಲ್ಟಿ ಬಾಕ್ಸ್ ಒಳಗೇ ಪಡೆಯಬಹುದಾದ್ದರಿಂದ ಈ ಕಸುಬು ಇಲ್ಲದ ಸೆಂಟರ್ ಬ್ಯಾಕ್‌ಗೆ ಮೇಲಿನ ಹಂತದಲ್ಲಿ ಜಾಗ ಕಡಿಮೆ.

ಹಳೆಯ ಕ್ಲಬ್‌ನ ಪಾಲು

ದೇಶ ದಾಟಿದ ವರ್ಗಾವಣೆಯಲ್ಲಿ ಮೊತ್ತದ 5 ಶೇಕಡಾ, ಆಟಗಾರನನ್ನು 12ರಿಂದ 23ರವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹೋಗಬೇಕು ಎಂಬುದು ಫಿಫಾ ನಿಯಮ. 12ರಿಂದ 15ರವರೆಗಿನ ಪ್ರತಿ ಋತುವಿಗೆ 0.25 ಶೇಕಡಾ, ಆಮೇಲಿನ ಪ್ರತಿ ಋತುವಿಗೆ 0.5. ಹತ್ತು ಲಕ್ಷ ಯೂರೋಗೆ ಮಾರಾಟವಾದರೆ, ಮೊದಲ ನಾಲ್ಕು ವರ್ಷ ಸಾಕಿದ ಊರಿನ ಕ್ಲಬ್‌ಗೆ 10,000 ಯೂರೋ. ಸಣ್ಣ ಕ್ಲಬ್‌ಗೆ ಅದು ಎರಡು ಗೋಲಿನ ಬಲೆ, ಒಂದು ಹುಲ್ಲು ಕತ್ತರಿಸುವ ಯಂತ್ರ, ಮತ್ತೂ ಉಳಿಯುತ್ತದೆ. ಕೈತಪ್ಪುವುದು ಹೇಗೆಂದರೆ ನೋಂದಣಿಯಲ್ಲಿ: ಹುಡುಗ ಸೇರಿದ ತಾರೀಕು, ಬಿಟ್ಟ ತಾರೀಕು, ಹೆಸರಿನ ಅಕ್ಷರ ಒಂದೊಂದು ಕಡೆ ಒಂದೊಂದು ಥರ. ಪ್ರತಿ ಋತುವಿನ ನೋಂದಣಿಯ ಪ್ರತಿ ಮನೆಯಲ್ಲೂ ಇರಲಿ.

ಗಾಯ

2017ರ ಮಾರ್ಚ್ 24ರಂದು ಡಬ್ಲಿನ್‌ನಲ್ಲಿ ವೇಲ್ಸ್ ಎದುರು ಕೋಲ್ಮನ್‌ನ ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದವು. ಎವರ್ಟನ್ ಪರ ಮತ್ತೆ ಇಳಿದದ್ದು 2018ರ ಜನವರಿ 31ಕ್ಕೆ, ಹತ್ತು ತಿಂಗಳ ನಂತರ. ಎಲುಬು ಕೂಡುವುದು ಮೊದಲ ಹಂತ ಮಾತ್ರ. ನೇರ ಓಟ, ದಿಕ್ಕು ಬದಲಿಸುವ ಓಟ, ಒಂಟಿಗಾಲಿನ ಜಿಗಿತ, ಮೈ ತಾಗದ ಆಟ, ಕೊನೆಗೆ ಟ್ಯಾಕಲ್. ಒಂದು ಹಂತದ ಮರುದಿನ ಊತ ಬಂದರೆ ಹಿಂದಿನ ಹಂತಕ್ಕೆ. ತಾರೀಕು ಹಿಡಿದು ಓಡುವವರು ಎರಡು ಸಲ ಮುರಿದುಕೊಳ್ಳುತ್ತಾರೆ.

ಮೆಕ್‌ಗ್ರಾ ಕಥೆ ಇದಕ್ಕೆ ವಿರುದ್ಧ ತುದಿಯದು. ಮಂಡಿಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ ಆದವನು. ಆಸ್ಟನ್ ವಿಲ್ಲಾದಲ್ಲಿ ವಾರವಿಡೀ ಬಹುತೇಕ ಅಭ್ಯಾಸವೇ ಇಲ್ಲದೆ ಪಂದ್ಯಕ್ಕೆ ಇಳಿಯುತ್ತಿದ್ದ. 1993ರಲ್ಲಿ ಆಟಗಾರರೇ ಅವನನ್ನು ವರ್ಷದ ಆಟಗಾರನಾಗಿ ಆರಿಸಿದರು. ಮರು ವರ್ಷದ ವಿಶ್ವಕಪ್‌ನಲ್ಲಿ, ಜೂನ್ 18ಕ್ಕೆ ಅಮೆರಿಕದ ಜೈಂಟ್ಸ್ ಸ್ಟೇಡಿಯಂನಲ್ಲಿ, 34ರ ವಯಸ್ಸಲ್ಲಿ, ರಾಬರ್ಟೊ ಬ್ಯಾಜಿಯೊನ ಇಟಲಿಯನ್ನು ತಡೆದು 1-0 ಗೆಲುವು ಉಳಿಸಿಕೊಟ್ಟ. ಆ ಪಂದ್ಯದ ವಿಡಿಯೊ ಹಾಕಿ ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ನೋಡಿ. ಎಷ್ಟು ಕಡಿಮೆ ಓಡುತ್ತಾನೆ, ಎಷ್ಟು ಬೇಗ ಹೊರಡುತ್ತಾನೆ ಎಂಬುದೇ ಪಾಠ. ಮೂವತ್ತು ದಾಟಿದ ಮೇಲೆ ಓಟವನ್ನು ಸೈಕಲ್ಲಿಗೂ ಈಜುಕೊಳಕ್ಕೂ ವರ್ಗಾಯಿಸಿ, ವಾರದಲ್ಲಿ ಒಂದು ದಿನ ಮಾತ್ರ ಪೂರ್ತಿ ವೇಗ.

ಕೊನೆಯ ವರ್ಷಗಳು

ಮೂವತ್ತರ ಮೇಲೆ ಲೀಗ್ ಆಫ್ ಐರ್ಲೆಂಡ್‌ಗೆ ಮರಳುವವರು ಉಂಟು, ದೂರ ಹೋಗುವವರೂ ಉಂಟು. ಡೊನೆಗಲ್‌ನ ಕಾರ್ಲ್ ಮೆಕ್‌ಹ್ಯೂ ಮೂವತ್ತಕ್ಕೂ ಕಾಯದೆ, ಬ್ರ್ಯಾಡ್‌ಫರ್ಡ್, ಮದರ್‌ವೆಲ್ ಮುಗಿಸಿ 2019ರಲ್ಲಿ, 26ಕ್ಕೇ, ಕೋಲ್ಕತಾಗೆ ಬಂದವನು. 2023ರ ಮಾರ್ಚ್‌ನಲ್ಲಿ ಗೋವಾದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದ್ದು ಅವನ ತಂಡವೇ, ಕಂಠೀರವದ ಗ್ಯಾಲರಿಯವರು ಇನ್ನೂ ಮರೆತಿಲ್ಲ. ಕೋಚಿಂಗ್‌ನ ಯುಇಎಫ್‌ಎ ಬಿ ಮತ್ತು ಎ ಪ್ರಮಾಣಪತ್ರವನ್ನು ಆಡುತ್ತಿರುವಾಗಲೇ ಶುರು ಮಾಡಿ. ಕರಾರು ಮುಗಿದು ಕ್ಲಬ್ ಸಿಗದವರು ಐರ್ಲೆಂಡಿನ ಆಟಗಾರರ ಸಂಘವನ್ನು ಮೊದಲು ಕಾಣಲಿ, ಕರಾರಿಲ್ಲದವರಿಗಾಗಿ ಅದು ಅಭ್ಯಾಸ ಶಿಬಿರ ನಡೆಸುತ್ತ ಬಂದಿದೆ.

ಬೂಟು ತೂಗುಹಾಕುವ ವರ್ಷ ಮರೆಯಬಾರದ ಕೆಲಸವೊಂದಿದೆ. ಐರಿಷ್ ತೆರಿಗೆ ಕಾನೂನಿನ 480ಎ ವಿಧಿಯ ಪ್ರಕಾರ, ನಿವೃತ್ತನಾದ ವೃತ್ತಿಪರ ಆಟಗಾರ ಐರ್ಲೆಂಡಿನಲ್ಲಿ ವಾಸವಿದ್ದು ಆಡಿದ ವರ್ಷಗಳಲ್ಲಿ ಹೆಚ್ಚೆಂದರೆ ಹತ್ತನ್ನು ಆರಿಸಿ, ಆಟದಿಂದಲೇ ಬಂದ ಒಟ್ಟು ಸಂಪಾದನೆಯ 40 ಶೇಕಡಾವನ್ನು ಆ ವರ್ಷಗಳ ಆದಾಯದಿಂದ ಕಳೆದು ಕಟ್ಟಿದ ತೆರಿಗೆ ವಾಪಸ್ ಕೇಳಬಹುದು. ವರ್ಷಕ್ಕೆ 30,000 ಯೂರೋ ಸಂಬಳವಿದ್ದರೆ 12,000ಕ್ಕೆ ತೆರಿಗೆ ಬಿಡುಗಡೆ. ಪಂದ್ಯ ಬೋನಸ್ ಇದರಲ್ಲಿ ಸೇರುತ್ತದೆ, ಜಾಹೀರಾತು ಪ್ರಾಯೋಜಕರ ಹಣ ಸೇರುವುದಿಲ್ಲ. ಮತ್ತೆ ವೃತ್ತಿಪರನಾಗಿ ಆಡಲು ಇಳಿದರೆ ಪಡೆದದ್ದನ್ನು ಹಿಂದಿರುಗಿಸಬೇಕು. ಹತ್ತು ವರ್ಷದ ಹಿಂದಿನ ಸಂಬಳ ಚೀಟಿ, ಆಗಿನ ಕ್ಲಬ್ ಮುಚ್ಚಿಹೋಗಿದ್ದರೆ, ನಿಮ್ಮ ಬಳಿ ಬಿಟ್ಟು ಇನ್ನೆಲ್ಲೂ ಸಿಗುವುದಿಲ್ಲ. ಮೊದಲ ಸಂಬಳದ ದಿನವೇ ಒಂದು ಫೈಲು ಕೊಂಡುಕೊಳ್ಳಿ.